ಮಕ್ಕಳ ಕಿವಿನೋವು: ತಮಟೆಯ ಹಿಂದೆ ನಡೆಯುವುದೇನು?

ಮುಂಗಾರು ಹಿಡಿದು, ಶಾಲೆ ಮತ್ತು ಅಂಗನವಾಡಿಗಳು ಬಾಗಿಲು ತೆರೆದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮಲೆನಾಡಿನ ಅನೇಕ ಮನೆಗಳಲ್ಲಿ ಒಂದೇ ಬಗೆಯ ರಾತ್ರಿಗಳು ಶುರುವಾಗುತ್ತವೆ. ನಾಲ್ಕು ದಿನದಿಂದ ನೆಗಡಿಯಲ್ಲಿದ್ದ ಮಗು ನಡುರಾತ್ರಿ ಎದ್ದು ಕಿರುಚಿ ಅಳತೊಡಗುತ್ತದೆ. ಎತ್ತಿಕೊಂಡರೆ ಸ್ವಲ್ಪ ಸಮಾಧಾನ, ಮಲಗಿಸಿದರೆ ಮತ್ತೆ ಅಳು. ಹೊರಗೆ ಬಿಡದ ಮಳೆ, ಕರೆಂಟಿಲ್ಲ, ಆಸ್ಪತ್ರೆ ದೂರ. ಮನೆಯ ಹಿರಿಯರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ನೆನಪಿಸುತ್ತಾರೆ. ಬೆಳಗಾದ ಮೇಲೆ ಒಬ್ಬ ವೈದ್ಯರು ಆ್ಯಂಟಿಬಯೋಟಿಕ್ ಬರೆದುಕೊಡುತ್ತಾರೆ. ಪಕ್ಕದ ಮನೆಯ ಮಗುವನ್ನು ನೋಡಿದ ಇನ್ನೊಬ್ಬರು ನೋವಿನ ಔಷಧವನ್ನಷ್ಟೇ ಕೊಟ್ಟು ಎರಡು ದಿನ ಬಿಟ್ಟು ಬರಲು ಹೇಳುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂದು ತಂದೆತಾಯಿಗಳು ಗೊಂದಲಕ್ಕೆ ಬೀಳುವುದು ಸಹಜ. ಇಬ್ಬರೂ ಸರಿಯಿರಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ ಕಿವಿಯೊಳಗಿನ ಒಂದು ಪುಟ್ಟ ಕೋಣೆಯ ಪರಿಚಯ ಬೇಕು.

ತಮಟೆಯ ಹಿಂದಿನ ಕೋಣೆ

ಕಿವಿಯಲ್ಲಿ ಮೂರು ಭಾಗಗಳಿವೆ. ನಮಗೆ ಕಾಣುವ ಕಿವಿಯೂ ಅದರಿಂದ ಒಳಗೆ ಹೋಗುವ, ಗುಗ್ಗೆ ಕಟ್ಟಿಕೊಳ್ಳುವ ಓಣಿಯೂ ಸೇರಿದರೆ ಅದು ಹೊರಕಿವಿ. ಆ ಓಣಿಯ ಕೊನೆಯಲ್ಲಿ ತೆಳುವಾದ ಒಂದು ಪರದೆಯಿದೆ, ಅದೇ ಕಿವಿತಮಟೆ. ಅದರ ಹಿಂದೆ ಅಡಿಕೆಗಿಂತ ಚಿಕ್ಕದಾದ, ಗಾಳಿ ತುಂಬಿದ ಕೋಣೆಯೊಂದಿದೆ. ಇದನ್ನು ನಡುಗಿವಿ ಎನ್ನುತ್ತಾರೆ. ಅದರೊಳಗೆ ಮೂರು ಪುಟ್ಟ ಮೂಳೆಗಳು ಕೊಂಡಿಯಂತೆ ಒಂದಕ್ಕೊಂದು ಜೋಡಿಕೊಂಡಿದ್ದು, ತಮಟೆಯ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಈ ಮೂರರಲ್ಲಿ ಕೊನೆಯದು, ಕುದುರೆಯ ರಿಕಾಪಿನ ಆಕಾರದ್ದು, ನಮ್ಮ ದೇಹದ ಅತಿ ಚಿಕ್ಕ ಮೂಳೆ. ಅದರ ಎತ್ತರ ಸುಮಾರು 3 ಮಿಲಿಮೀಟರ್. ಒಳಗಿವಿಯು ಕಂಪನವನ್ನು ನರದ ಸಂದೇಶವನ್ನಾಗಿ ಮಾಡಿ ಮಿದುಳಿಗೆ ಕಳಿಸುತ್ತದೆ.

ನಡುಗಿವಿಗೆ ಹೊರಕಿವಿಯ ಕಡೆಯಿಂದ ದಾರಿಯಿಲ್ಲ, ತಮಟೆ ಅಡ್ಡವಿದೆ. ಅದಕ್ಕಿರುವ ಒಂದೇ ಬಾಗಿಲು ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವ ಸಣ್ಣ ಕೊಳವೆ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ತಜ್ಞ ಯೂಸ್ಟೇಕಿಯ ಹೆಸರಿನಿಂದ ಇದನ್ನು ಯೂಸ್ಟೇಕಿಯನ್ ನಾಳ ಎನ್ನುತ್ತಾರೆ. ಹೆಸರು ಹೊಸದೆನಿಸಿದರೂ ಇದರ ಕೆಲಸ ನಮಗೆಲ್ಲ ಗೊತ್ತು. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಬಸ್ಸು ಆಗುಂಬೆ ದಾಟಿ ತಿರುವುಗಳಲ್ಲಿ ಇಳಿಯತೊಡಗಿದಾಗ ಕಿವಿ ಕಟ್ಟಿಕೊಳ್ಳುತ್ತದೆ. ಸೋಮೇಶ್ವರ ಮುಟ್ಟುವಷ್ಟರಲ್ಲಿ ಒಮ್ಮೆ ಉಗುಳು ನುಂಗಿದರೆ ಟಪ್ಪೆಂದು ಬಿಡುತ್ತದೆ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಹೆಚ್ಚಿ ತಮಟೆ ಒಳಕ್ಕೆ ತಳ್ಳಲ್ಪಟ್ಟಿರುತ್ತದೆ, ನುಂಗಿದಾಗ ಈ ನಾಳ ಕ್ಷಣಕಾಲ ತೆರೆದು ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ. ನಾಳಕ್ಕೆ ಇನ್ನೊಂದು ಕೆಲಸವೂ ಇದೆ: ನಡುಗಿವಿಯ ಒಳಪೊರೆಯಲ್ಲಿ ಒಸರುವ ದ್ರವವನ್ನು ಗಂಟಲಿನ ಕಡೆಗೆ ಬಸಿದು ಹಾಕುವುದು.

ಬಸಿಗಾಲುವೆ ಕಟ್ಟಿದಾಗ

ಅಡಿಕೆ ತೋಟ ಮಾಡುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಬಸಿಗಾಲುವೆಯ ಹೂಳು ತೆಗೆಯದಿದ್ದರೆ, ಅಥವಾ ಕಾಲುವೆಗೆ ಸಾಕಷ್ಟು ಇಳಿಜಾರು ಇಲ್ಲದಿದ್ದರೆ, ನೀರು ಬುಡದಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಮಗುವಿನ ಕಿವಿಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ದೊಡ್ಡವರಲ್ಲಿ ಯೂಸ್ಟೇಕಿಯನ್ ನಾಳ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಿದ್ದು, ಸುಮಾರು 45 ಡಿಗ್ರಿ ಇಳಿಜಾರಿನಲ್ಲಿರುತ್ತದೆ. ಹಸುಳೆಯಲ್ಲಿ ಅದರ ಉದ್ದ ಅರ್ಧದಷ್ಟು, ಇಳಿಜಾರು ಸುಮಾರು 10 ಡಿಗ್ರಿ ಮಾತ್ರ. ಹೆಚ್ಚುಕಡಿಮೆ ಮಟ್ಟಸ ನೆಲದ ಕಾಲುವೆ. ಅದನ್ನು ತೆರೆಯುವ ಸ್ನಾಯುಗಳೂ ಇನ್ನೂ ಬಲಿತಿರುವುದಿಲ್ಲ.

ಇಂಥ ಮಗುವಿಗೆ ನೆಗಡಿಯಾದರೆ ಮೂಗಿನ ಹಿಂದಿನ ಪೊರೆ ಊದಿಕೊಂಡು ನಾಳದ ಬಾಯಿ ಮುಚ್ಚುತ್ತದೆ. ಅಲ್ಲೇ ಇರುವ ಅಡಿನಾಯ್ಡ್ ಎಂಬ ಮಾಂಸದ ಗಡ್ಡೆ ದೊಡ್ಡದಾಗಿದ್ದರೆ ತಡೆ ಇನ್ನೂ ಹೆಚ್ಚು. ನಡುಗಿವಿಯ ಗಾಳಿಯನ್ನು ಪೊರೆ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ, ದ್ರವ ತುಂಬುತ್ತದೆ. ಮೂಗಿನಲ್ಲಿ ಸುಮ್ಮನೆ ವಾಸವಾಗಿದ್ದ ರೋಗಾಣುಗಳು ಆ ದ್ರವವನ್ನು ಸೇರಿ ಬೆಳೆಯತೊಡಗುತ್ತವೆ. ಮುಖ್ಯವಾದವು ನ್ಯುಮೋಕಾಕಸ್, ಹಿಮೋಫಿಲಸ್ ಮತ್ತು ಮೊರಾಕ್ಸೆಲ್ಲಾ ಎಂಬ ಮೂರು ಬ್ಯಾಕ್ಟೀರಿಯಾಗಳು. ಕೆಲವೊಮ್ಮೆ ನೆಗಡಿಯ ವೈರಸ್ಸುಗಳೇ ಸಾಕಾಗುತ್ತವೆ. ಕೀವು ತುಂಬಿದ ಕೋಣೆಯ ಒತ್ತಡ ತಮಟೆಯನ್ನು ಹೊರಕ್ಕೆ ನೂಕುತ್ತದೆ. ಆ ಎಳೆತವೇ ನಡುರಾತ್ರಿಯ ನೋವು. ಮಲಗಿಸಿದಾಗ ಒತ್ತಡ ಹೆಚ್ಚುವುದರಿಂದ ಅಳುವೂ ಹೆಚ್ಚುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಈ ತೊಂದರೆ ಅತಿ ಹೆಚ್ಚು. ಏಳು ವರ್ಷದ ಹೊತ್ತಿಗೆ ನಾಳ ಬೆಳೆದು ಇಳಿಜಾರು ಪಡೆದಂತೆ ತಾನಾಗಿ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಸ್ನಾನ ಮಾಡಿಸುವಾಗ ಕಿವಿಗೆ ನೀರು ಹೋಯಿತು, ಕುಲಾವಿ ಹಾಕದೆ ಶೀತಗಾಳಿಗೆ ಒಯ್ದರು ಎಂದು ಬಾಣಂತಿಯನ್ನೋ ಸ್ನಾನ ಮಾಡಿಸಿದ ಅಜ್ಜಿಯನ್ನೋ ದೂರುವುದು ನಮ್ಮಲ್ಲಿ ವಾಡಿಕೆ. ತಮಟೆ ತೂತಾಗದೆ ಇರುವವರೆಗೆ ಹೊರಗಿನ ನೀರಾಗಲಿ ಗಾಳಿಯಾಗಲಿ ನಡುಗಿವಿಯನ್ನು ಮುಟ್ಟಲಾರದು. ಸೋಂಕು ಬರುವುದು ಮೂಗಿನ ಕಡೆಯಿಂದ.

ಒಂದೇ ಹೆಸರು, ಮೂರು ತೊಂದರೆ

ಮಾತಿನಲ್ಲಿ ನಾವು ಎಲ್ಲವನ್ನೂ ‘ಕಿವಿ ಇನ್‌ಫೆಕ್ಷನ್’ ಎಂದುಬಿಡುತ್ತೇವೆ. ವೈದ್ಯರ ಲೆಕ್ಕದಲ್ಲಿ ಅದು ಮೂರು ಬೇರೆ ಬೇರೆ ಸ್ಥಿತಿ, ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. ಮೊದಲನೆಯದು ಮೇಲೆ ಹೇಳಿದ ತೀವ್ರ ಸೋಂಕು: ದಿಢೀರನೆ ಬರುತ್ತದೆ, ನೋವಿರುತ್ತದೆ, ಆಗಾಗ ಜ್ವರವೂ ಇರುತ್ತದೆ. ಎರಡನೆಯದರಲ್ಲಿ ತಮಟೆಯ ಹಿಂದೆ ದ್ರವ ಉಳಿದಿರುತ್ತದೆ, ಆದರೆ ನೋವೂ ಇಲ್ಲ, ಜ್ವರವೂ ಇಲ್ಲ. ಕೇಳಿಸುವುದು ಮಾತ್ರ ಮಂದವಾಗಿರುತ್ತದೆ. ಮೂರನೆಯದು ತಮಟೆಯಲ್ಲಿ ತೂತು ಉಳಿದು ವಾರಗಟ್ಟಲೆ ಕಿವಿ ಸೋರುವುದು. ಒಬ್ಬ ಮಗುವಿಗೆ ಕೆಲಸ ಮಾಡಿದ ಔಷಧವನ್ನು ಇನ್ನೊಂದು ಮಗುವಿಗೆ ಕೊಟ್ಟು ಗುಣ ಕಾಣದೆ ಇರುವುದಕ್ಕೆ ಈ ಹೆಸರಿನ ಗೊಂದಲವೇ ಹಲವು ಸಲ ಕಾರಣ.

ವೈದ್ಯರು ಕಿವಿಯೊಳಗೆ ಏನನ್ನು ನೋಡುತ್ತಾರೆ?

ಮಗು ಕಿವಿ ಎಳೆದುಕೊಳ್ಳುವುದು ಸೋಂಕಿನ ಗುರುತೆಂದು ಅನೇಕರು ತಿಳಿದಿದ್ದಾರೆ. ಆದರೆ ನಿದ್ದೆ ಬಂದಾಗಲೂ, ಹಲ್ಲು ಬರುವಾಗಲೂ, ಸುಮ್ಮನೆ ಆಟಕ್ಕೂ ಮಕ್ಕಳು ಕಿವಿ ಎಳೆಯುತ್ತಾರೆ. ಅದೊಂದನ್ನೇ ನಂಬಿ ಸೋಂಕೆಂದು ಹೇಳಲಾಗದು. ಜ್ವರ, ಅಳು, ನಿದ್ದೆಗೇಡು, ಹಾಲು ಬಿಡುವುದು, ವಾಂತಿ ಇವೂ ಬೇರೆ ಎಷ್ಟೋ ಕಾಯಿಲೆಗಳಲ್ಲಿ ಬರುತ್ತವೆ. ಹಾಗಾಗಿ ರೋಗ ತೀರ್ಮಾನವಾಗುವುದು ತಮಟೆಯನ್ನು ಕಣ್ಣಾರೆ ನೋಡಿದ ಮೇಲೆ. ಅದಕ್ಕೆ ಬಳಸುವುದು ಬೆಳಕು ಮತ್ತು ಭೂತಗನ್ನಡಿ ಸೇರಿರುವ ಆಟೋಸ್ಕೋಪ್ ಎಂಬ ಕೈಸಾಧನ.

ಆರೋಗ್ಯವಂತ ತಮಟೆ ಮುತ್ತಿನ ಬೂದು ಬಣ್ಣದ್ದು, ಬೆಣ್ಣೆಕಾಗದದಂತೆ ಅರೆಪಾರದರ್ಶಕ. ಹಿಂದಿನ ಮೂಳೆಯ ನೆರಳು ಅದರಲ್ಲಿ ಕಾಣುತ್ತದೆ. ತೀವ್ರ ಸೋಂಕಿನಲ್ಲಿ ಅದು ಮಸುಕಾಗಿ, ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ ಹೊರಗೆ ಉಬ್ಬಿರುತ್ತದೆ. ಈ ಉಬ್ಬೇ ಎಲ್ಲಕ್ಕಿಂತ ನಂಬಲರ್ಹವಾದ ಗುರುತು. ಬರೀ ಕೆಂಪಾಗಿರುವುದು ಸಾಲದು, ಏಕೆಂದರೆ ಮಗು ಹತ್ತು ನಿಮಿಷ ಜೋರಾಗಿ ಅತ್ತರೂ ಸಾಕು, ಜ್ವರ ಬಂದರೂ ಸಾಕು, ಮುಖದ ಹಾಗೆಯೇ ತಮಟೆಯೂ ಕೆಂಪೇರುತ್ತದೆ. ‘ಕಿವಿ ಕೆಂಪಾಗಿದೆ’ ಎಂದು ಹೇಳಿ ಬರೆದುಕೊಟ್ಟ ಚೀಟಿ ಕೈಗೆ ಬಂದಾಗ, ಉಬ್ಬಿದೆಯೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ ಎಂದು ನನ್ನ ಅನಿಸಿಕೆ.

ಕೆಲವು ಆಟೋಸ್ಕೋಪುಗಳಿಗೆ ಸಣ್ಣ ರಬ್ಬರ್ ಬುಗ್ಗೆ ಜೋಡಿಸಿರುತ್ತಾರೆ. ಅದನ್ನು ಒತ್ತಿ ಮೆಲ್ಲಗೆ ಗಾಳಿ ಊದಿದರೆ ಸರಿಯಿರುವ ತಮಟೆ ಅಲುಗಾಡುತ್ತದೆ. ಹಿಂದೆ ದ್ರವವಿದ್ದರೆ ಅಲುಗುವುದಿಲ್ಲ. ತುಂಬಿದ ಕೊಡವನ್ನೂ ಖಾಲಿ ಕೊಡವನ್ನೂ ಬೆರಳಿನಿಂದ ತಟ್ಟಿ ಗುರುತಿಸುವುದಕ್ಕೆ ಇದನ್ನು ಹೋಲಿಸಬಹುದು. ಇದನ್ನೇ ಯಂತ್ರದಿಂದ ಅಳೆದು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆಯ ಹೆಸರು ಟಿಂಪನೊಮೆಟ್ರಿ. ಗುಗ್ಗೆ ಅಡ್ಡವಿದ್ದು ತಮಟೆ ಕಾಣದಿದ್ದರೆ ವೈದ್ಯರೇ ಅದನ್ನು ತೆಗೆಯಬೇಕು. ಮನೆಯಲ್ಲಿ ಪಿನ್ನು, ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿ ಹಾಕಿದರೆ ಗುಗ್ಗೆ ಇನ್ನಷ್ಟು ಒಳಗೆ ಸೇರುತ್ತದೆ, ತಮಟೆಗೂ ಅಪಾಯ.

ಮೊದಲ ಔಷಧ ನೋವಿಗೆ

ಆ್ಯಂಟಿಬಯೋಟಿಕ್ ಕೊಟ್ಟರೂ ಮೊದಲ 24 ಗಂಟೆಯಲ್ಲಿ ಅದರಿಂದ ನೋವು ಇಳಿಯುವುದಿಲ್ಲ. ಆದ್ದರಿಂದ ಯಾವ ದಾರಿ ಹಿಡಿದರೂ ನೋವಿನ ಶಮನವೇ ಮೊದಲ ಕೆಲಸ, ಅದಕ್ಕೆ ಪ್ಯಾರಾಸಿಟಮಾಲ್ ಸಾಕು. ಪ್ರಮಾಣ ನಿರ್ಧಾರವಾಗುವುದು ವಯಸ್ಸಿನಿಂದಲ್ಲದೆ ತೂಕದಿಂದ: ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. 10 ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಆಯಿತು. ಇಲ್ಲಿ ಎಡವುವವರು ಬಹಳ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ಪಾದರೆ ಆ ಮಗುವಿಗೆ 3 ಮಿಲಿಲೀಟರ್ ಬೇಕು. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದಾದರೆ ಆರು ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಮಿಲಿಲೀಟರಿನಲ್ಲೇ 100 ಮಿಲಿಗ್ರಾಂ ಇರುವ ಹನಿ ಔಷಧವಾದರೆ ಒಂದೂವರೆ ಮಿಲಿಲೀಟರ್ ಮಾತ್ರ. ಅಕ್ಕನ ಮಗುವಿಗೆ ತಂದ ಬಾಟಲಿಯನ್ನು ‘ಒಂದು ಮುಚ್ಚಳ’ ಎಂದು ಅಳೆದು ಕೊಡುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುತ್ತದೆ. ಬಾಟಲಿಯ ಮೇಲಿನ ಅಂಕಿಯನ್ನು ಓದಿ, ವೈದ್ಯರಲ್ಲೋ ಔಷಧದಂಗಡಿಯ ಫಾರ್ಮಸಿಸ್ಟರಲ್ಲೋ ಲೆಕ್ಕ ಕೇಳಿಕೊಳ್ಳಬೇಕು. ಆರು ತಿಂಗಳು ದಾಟಿದ ಮಕ್ಕಳಿಗೆ ವೈದ್ಯರು ಐಬುಪ್ರೊಫೇನ್ ಕೊಡುವುದೂ ಉಂಟು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಸಲ್ಲದು.

ನೆಗಡಿಯ ಸಿರಪ್ಪುಗಳಿಂದ ಕಿವಿಯ ದ್ರವ ಬೇಗ ಬಸಿಯುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾದ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರಕೆಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ.

ಎಣ್ಣೆಯ ವಿಷಯ. ತಮಟೆ ಗಟ್ಟಿಯಿದ್ದರೆ ಮೇಲೆ ಹೊಯ್ದ ಎಣ್ಣೆ ಕೀವಿನ ಹತ್ತಿರಕ್ಕೂ ಹೋಗದು. ತೂತಾಗಿದ್ದರೆ ಅದು ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಬಿಸಿಯಾಗಿದ್ದರೆ ಸುಡುತ್ತದೆ ಎಂಬುದು ಬೇರೆ. ಮರುದಿನ ವೈದ್ಯರಿಗೆ ತಮಟೆ ಕಾಣದಂತೆ ಮಾಡುವುದಂತೂ ಖಂಡಿತ. ಸೊಪ್ಪಿನ ರಸ, ಎದೆಹಾಲು, ನೊರೆಯೇಳುವ ಪೆರಾಕ್ಸೈಡ್‌ಗೂ ಇದೇ ಮಾತು. ಹಿರಿಯರ ಮನಸ್ಸನ್ನು ನೋಯಿಸದೆ ಉಳಿಸಿಕೊಳ್ಳಬಹುದಾದ ಪದ್ಧತಿಯೆಂದರೆ, ಬೆಚ್ಚಗಿನ ಬಟ್ಟೆಯಿಂದ ಹೊರಗಿನಿಂದ ಕೊಡುವ ಹಿತವಾದ ಶಾಖ. ಬಟ್ಟೆಯನ್ನು ಮೊದಲು ನಮ್ಮ ಮುಂಗೈಗೆ ಒತ್ತಿ ನೋಡಿಕೊಳ್ಳಬೇಕು.

ಆ್ಯಂಟಿಬಯೋಟಿಕ್ ಯಾವಾಗ, ಕಾಯುವುದು ಯಾವಾಗ

ಮೊದಲಿಗೆ ಕೇಳಿದ ಪ್ರಶ್ನೆಗೆ ಈಗ ಬರಬಹುದು. ತೀವ್ರ ಸೋಂಕಿರುವ ಮಕ್ಕಳ ಮೇಲೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದ ಸಂಗತಿ ಹೀಗಿದೆ: ಆ್ಯಂಟಿಬಯೋಟಿಕ್ ಕೊಡಲಿ ಬಿಡಲಿ, 100 ಮಕ್ಕಳಲ್ಲಿ ಸುಮಾರು 60 ಮಕ್ಕಳ ನೋವು 24 ಗಂಟೆಯೊಳಗೆ ಇಳಿದಿರುತ್ತದೆ. ಎರಡು ಮೂರನೆಯ ದಿನಕ್ಕೆ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಸುಮಾರು 20 ಮಕ್ಕಳಿಗೆ ಔಷಧ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿ ಲಾಭ. ಅದೇ ವೇಳೆಗೆ 14 ಮಕ್ಕಳಲ್ಲಿ ಒಬ್ಬರಿಗೆ ಭೇದಿ, ವಾಂತಿ ಅಥವಾ ಮೈಮೇಲೆ ಗುಳ್ಳೆಯಂಥ ತೊಂದರೆ ಆ ಔಷಧದಿಂದಲೇ ಬರುತ್ತದೆ. ಬೇಡದಾಗ ಕೊಡುತ್ತ ಹೋದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ ಎಂಬುದು ಇನ್ನೊಂದು ಕಾರಣ.

ಹಾಗೆಂದು ಎಲ್ಲ ಮಕ್ಕಳೂ ಕಾಯುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಹೊರಡಿಸಿದ, ಇತರೆಡೆಯೂ ವೈದ್ಯರು ಗಮನಿಸುವ ಮಾರ್ಗಸೂಚಿಯಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾರೆ. ಜ್ವರ 39 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 102 ಫ್ಯಾರನ್‌ಹೀಟ್ ಮುಟ್ಟಿದ್ದರೆ, ನೋವು ಜೋರಾಗಿದ್ದರೆ ಅಥವಾ 48 ಗಂಟೆಗೂ ಮೀರಿದ್ದರೆ, ಕಿವಿಯಿಂದ ಹೊಸದಾಗಿ ಕೀವು ಬರುತ್ತಿದ್ದರೆ ಆ್ಯಂಟಿಬಯೋಟಿಕ್ ಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಗೆ ಸೋಂಕಾಗಿದ್ದರೆ ಲಕ್ಷಣ ಸೌಮ್ಯವಿದ್ದರೂ ಬೇಕು. ಆ ಮಾರ್ಗಸೂಚಿ ಅನ್ವಯಿಸುವುದು ಆರು ತಿಂಗಳು ದಾಟಿದವರಿಗೆ. ಅದಕ್ಕಿಂತ ಚಿಕ್ಕ ಹಸುಳೆಗೆ ವೈದ್ಯರು ಸಾಮಾನ್ಯವಾಗಿ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ಒಂದೇ ಕಿವಿಯಲ್ಲಿ ಸೌಮ್ಯ ಸೋಂಕಿದ್ದರೆ, ಅಥವಾ ಎರಡು ವರ್ಷ ದಾಟಿದ ಮಗುವಿನ ಲಕ್ಷಣಗಳು ಸೌಮ್ಯವಿದ್ದರೆ, ನೋವಿಗಷ್ಟೇ ಔಷಧ ಕೊಟ್ಟು 48ರಿಂದ 72 ಗಂಟೆ ಗಮನಿಸುವುದು ಒಪ್ಪಿತ ಕ್ರಮ. ಪಕ್ಕದ ಮನೆಯ ವೈದ್ಯರು ಮಾಡಿದ್ದು ಇದನ್ನೇ.

ಆದರೆ ಈ ಕಾಯುವ ಕ್ರಮಕ್ಕೆ ಒಂದು ಷರತ್ತಿದೆ: ಕಡಿಮೆಯಾಗದಿದ್ದರೆ ಮಗುವನ್ನು ಮತ್ತೆ ತೋರಿಸಲು ಆಗಬೇಕು. ಹೊಸನಗರದ ಒಳಭಾಗದಲ್ಲೋ ಶರಾವತಿ ಹಿನ್ನೀರಿನ ಆಚೆಯಲ್ಲೋ ಇರುವ ಮನೆಯವರಿಗೆ, ಮಳೆಗೆ ಮರ ಬಿದ್ದು ರಸ್ತೆ ಕಟ್ಟುವ ದಿನಗಳಲ್ಲಿ, ಇದು ಸಣ್ಣ ಮಾತಲ್ಲ. ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಆಗ ಅವರು ಚೀಟಿ ಬರೆದುಕೊಟ್ಟು, ಇಂಥ ಲಕ್ಷಣ ಕಂಡರೆ ಮಾತ್ರ ಶುರುಮಾಡಿ ಎಂದು ಹೇಳಬಹುದು, ಅಥವಾ ಆಗಲೇ ಕೊಡುವ ತೀರ್ಮಾನಕ್ಕೆ ಬರಬಹುದು.

ಕೊಡುವುದಾದರೆ ಮೊದಲ ಆಯ್ಕೆ ಅಮಾಕ್ಸಿಸಿಲಿನ್. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 80ರಿಂದ 90 ಮಿಲಿಗ್ರಾಂ ಲೆಕ್ಕದಲ್ಲಿ, ಎರಡು ಪಾಲು ಮಾಡಿ ಕೊಡುವುದು ಆ ಮಾರ್ಗಸೂಚಿಯ ಕ್ರಮ. ನಡುಗಿವಿಯ ಕೀವಿನವರೆಗೆ ಔಷಧ ಸಾಕಷ್ಟು ತಲುಪಬೇಕಾದ್ದರಿಂದ ಪ್ರಮಾಣ ಹೆಚ್ಚು. ಎರಡು ವರ್ಷದೊಳಗಿನವರಿಗೆ 10 ದಿನ, ಎರಡರಿಂದ ಐದು ವರ್ಷದವರಿಗೆ ಸೌಮ್ಯವಿದ್ದರೆ 7 ದಿನ. ಎರಡು ಮೂರು ದಿನವಾದರೂ ಜ್ವರ, ನೋವು ಇಳಿಯದಿದ್ದರೆ ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್‌ಗೆ ಬದಲಿಸುತ್ತಾರೆ. ಕೆಲವು ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ ಅನ್ನು ಒಡೆದು ಹಾಕುವ ಕಿಣ್ವ ತಯಾರಿಸುತ್ತವೆ, ಈ ಆಮ್ಲ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಮಾಕ್ಸಿಸಿಲಿನ್ ಸೇರಿರುವ ಪೆನಿಸಿಲಿನ್ ಗುಂಪಿನ ಔಷಧ ಒಗ್ಗದ ಮಕ್ಕಳಿಗೆ ಬೇರೆ ಔಷಧಗಳಿವೆ. ಪುಡಿಯ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಪ್ರತಿ ಸಲವೂ ಅಲುಗಾಡಿಸಿ ಕೊಡಬೇಕು. ಮಿಕ್ಕಿದ್ದನ್ನು ಮುಂದಿನ ನೆಗಡಿಗೆಂದು ಎತ್ತಿಡಬಾರದು.

ಕಿವಿ ಸೋರಿದಾಗ

ಕೆಲವೊಮ್ಮೆ ರಾತ್ರಿಯಿಡೀ ಅತ್ತ ಮಗು ಬೆಳಗಿನ ಜಾವ ಥಟ್ಟನೆ ಸುಮ್ಮನಾಗುತ್ತದೆ, ದಿಂಬಿನ ಮೇಲೆ ಹಳದಿ ಕಲೆ ಕಾಣುತ್ತದೆ. ಒತ್ತಡ ತಾಳಲಾರದೆ ತಮಟೆ ಒಡೆದು ಕೀವು ಹೊರಬಿದ್ದಿದೆ, ಅದರಿಂದ ನೋವು ಇಳಿದಿದೆ. ಹೆಚ್ಚಿನ ಮಕ್ಕಳಲ್ಲಿ ಈ ಸಣ್ಣ ತೂತು ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅಳು ನಿಂತಿತೆಂದು ಆಸ್ಪತ್ರೆಯ ದಾರಿ ಬಿಡುವುದು ಮಾತ್ರ ತಪ್ಪು.

ಸೋರುವುದು ಎರಡು ವಾರ ದಾಟಿದರೆ ಅದು ದೀರ್ಘಕಾಲದ ಸೋಂಕು. ಇಲ್ಲಿ ಬಾಯಿಗೆ ಕೊಡುವ ಔಷಧಕ್ಕಿಂತ ಕಿವಿಯನ್ನು ಒಣಗಿಸಿಡುವುದೂ ಸಿಪ್ರೊಫ್ಲಾಕ್ಸಾಸಿನ್‌ನಂಥ ಹನಿಗಳೂ ಮುಖ್ಯ. ಹತ್ತಿಯ ಶುದ್ಧ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು, ಕಿವಿಯ ಬಾಯಲ್ಲಿಟ್ಟು, ನೆನೆದ ಮೇಲೆ ತೆಗೆದು ಹೊಸದನ್ನಿಡಬೇಕು. ಕಿವಿ ಒಣಗುವವರೆಗೆ ಹೀಗೆ ಮಾಡಿ, ನಂತರ ವೈದ್ಯರು ಹೇಳಿದ ಹನಿ ಹಾಕಬೇಕು. ಕೀವು ತುಂಬಿದ ಕಿವಿಗೆ ಹಾಕಿದ ಹನಿ ಒಳಗಿಳಿಯದೆ ಹಾಗೇ ಹೊರಬರುತ್ತದೆ. ಮನೆಯಲ್ಲಿ ಹಿಂದೆ ತಂದಿಟ್ಟ ಯಾವುದೋ ಹನಿಯನ್ನು ಹಾಕುವಂತಿಲ್ಲ. ಜೆಂಟಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಾದ ತಮಟೆಯ ಮೂಲಕ ಒಳಗಿವಿಗೆ ಹಾನಿ ಮಾಡಬಲ್ಲವು. ಹೊಳೆ, ಕೆರೆಗಳಲ್ಲಿ ಈಜುವುದನ್ನು ಕಿವಿ ಗುಣವಾಗುವವರೆಗೆ ನಿಲ್ಲಿಸಬೇಕು. ಕೆಟ್ಟ ವಾಸನೆಯ ಸೋರಿಕೆ ಬಿಟ್ಟುಬಿಟ್ಟು ಬರುತ್ತಿದ್ದರೆ ಇಎನ್‌ಟಿ ತಜ್ಞರು ನೋಡಲೇಬೇಕು: ಕೊಲೆಸ್ಟಿಯಾಟೋಮಾ ಎಂಬ, ಸುತ್ತಲಿನ ಮೂಳೆಯನ್ನು ಸವೆಸುವ ಚರ್ಮದ ಗಂಟು ಇದ್ದಲ್ಲಿ ಶಸ್ತ್ರಚಿಕಿತ್ಸೆಯೇ ಪರಿಹಾರ.

ಕಿವಿಯ ಹಿಂಬದಿ ಊದಿ, ಮುಟ್ಟಿದರೆ ನೋವಾಗಿ, ಕಿವಿ ಮುಂದಕ್ಕೆ ಚಾಚಿದಂತೆ ಕಂಡರೆ ಸೋಂಕು ಹಿಂದಿನ ಮಾಸ್ಟಾಯ್ಡ್ ಮೂಳೆಗೆ ಇಳಿದಿದೆ ಎಂದರ್ಥ. ಹಾಗೆಯೇ ಮುಖ ಒಂದು ಬದಿಗೆ ಓರೆಯಾದರೆ, ಕುತ್ತಿಗೆ ಬಿಗಿದರೆ, ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ, ಫಿಟ್ಸ್ ಬಂದರೆ ಬೆಳಗಾಗುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೋ ಹೊರಡಬೇಕು.

ನೋವು ಹೋದ ಮೇಲೂ ಉಳಿಯುವ ದ್ರವ

ಸೋಂಕು ವಾಸಿಯಾದ ಮೇಲೂ ತಮಟೆಯ ಹಿಂದೆ ದ್ರವ ವಾರಗಟ್ಟಲೆ ಉಳಿಯುವುದು ಸಾಮಾನ್ಯ. ಮಳೆ ನಿಂತ ಮೇಲೂ ತೋಟದ ತಗ್ಗಿನಲ್ಲಿ ಕೆಲವು ದಿನ ನೀರು ಇರುವಂತೆ. ಇದಕ್ಕೆ ಮತ್ತೊಮ್ಮೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ಅದು ತಾನೇ ಬಸಿದುಹೋಗುತ್ತದೆ. ಅಲ್ಲಿಯವರೆಗೆ ಮಗುವಿಗೆ ಕೇಳಿಸುವುದು ಮಂದ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ಎದುರಿಗೆ ಕುಳಿತವರ ಮಾತು ಅರ್ಧ ಕೇಳಿ ಅರ್ಧ ತಪ್ಪುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಟಿವಿ ಜೋರು ಮಾಡುವ, ಕರೆದರೆ ತಿರುಗದ, ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಮಗುವನ್ನು ಹಟಮಾರಿ, ದಡ್ಡ ಎಂದು ಗದರುವುದಕ್ಕೆ ಮೊದಲು ಕಿವಿ ತೋರಿಸಬೇಕು. ಮಾತು ಕಲಿಯುವ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಹೀಗಾದರೆ ಮಾತು ತಡವಾಗಬಹುದು.

ಮೂರು ತಿಂಗಳು ಕಳೆದರೂ ದ್ರವ ಹೋಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸುತ್ತಾರೆ. ಎರಡೂ ಕಿವಿ ಮಂದವಾಗಿದ್ದರೆ ತಮಟೆಯಲ್ಲಿ ಸಣ್ಣ ಸೀಳು ಮಾಡಿ ಗ್ರೊಮೆಟ್ ಎಂಬ ಪುಟ್ಟ ಕೊಳವೆಯನ್ನು ಕೂರಿಸುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಬಹುದು. ಮುಚ್ಚಿಹೋದ ಬಸಿಗಾಲುವೆಗೆ ಬದಲಾಗಿ ಗೋಡೆಯಲ್ಲೇ ಒಂದು ಕಿಂಡಿ ಇಟ್ಟಂತೆ ಇದು: ಹೊರಗಿನ ಗಾಳಿ ಒಳಹೋಗಿ ಕೋಣೆ ಒಣಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕೊಳವೆ ತಾನೇ ಉದುರುತ್ತದೆ.

ಹೊಗೆ, ಹಾಲು, ಲಸಿಕೆ

ಮಟ್ಟಸ ಕಾಲುವೆಯನ್ನು ಇಳಿಜಾರು ಮಾಡುವುದು ನಮ್ಮ ಕೈಯಲ್ಲಿಲ್ಲ, ಆದರೆ ಅದು ಕಟ್ಟಿಕೊಳ್ಳದಂತೆ ಕೆಲವನ್ನು ಮಾಡಬಹುದು. ಬೀಡಿ, ಸಿಗರೇಟಿನ ಹೊಗೆ ನಾಳದ ಒಳಪೊರೆಯನ್ನು ಕೆಡಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಅಡುಗೆಯ ಒಲೆ, ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆಯ ಹೊಗೆಯೂ ಸೇರುತ್ತದೆ. ಬಟ್ಟೆ ಒಣಗಿಸಲೆಂದು ಇಟ್ಟ ಕೆಂಡದ ಪಕ್ಕದಲ್ಲೇ ತೊಟ್ಟಿಲು ಕಟ್ಟುವುದನ್ನು ಬಿಟ್ಟರೆ ಒಳ್ಳೆಯದು. ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕುಡಿದ ಮಕ್ಕಳಲ್ಲಿ ಕಿವಿಸೋಂಕು ಕಡಿಮೆ. ಬಾಟಲಿಯಲ್ಲಿ ಕುಡಿಸುವುದಾದರೆ ಮಗುವನ್ನು ಅಂಗಾತ ಮಲಗಿಸದೆ ತಲೆ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹಾಲು ನಾಳದ ಬಾಯಿಯವರೆಗೆ ಹೋಗುತ್ತದೆ.

ನ್ಯುಮೋಕಾಕಸ್ ವಿರುದ್ಧದ ಲಸಿಕೆಯನ್ನು ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿಸಲಾಯಿತು, 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾಯಿತು. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ನ್ಯುಮೋನಿಯಾ ತಡೆಯುವುದು ಅದರ ಮುಖ್ಯ ಗುರಿಯಾದರೂ ಅದೇ ಬ್ಯಾಕ್ಟೀರಿಯಾದ ಕಿವಿಸೋಂಕೂ ಸ್ವಲ್ಪ ಮಟ್ಟಿಗೆ ತಗ್ಗುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸುವ ಕ್ರಮವಿದೆ. ನಡುಗಿವಿಯ ಸೋಂಕೂ ಶ್ರವಣದೋಷವೂ ಅವರ ಪಟ್ಟಿಯಲ್ಲಿವೆ. ಆ ದಿನ ಮಗುವಿಗೆ ನೋವಿಲ್ಲದಿದ್ದರೂ, ಮಳೆಗಾಲದಲ್ಲಿ ಎಷ್ಟು ಸಲ ಕಿವಿ ನೋವು ಬಂತು, ಯಾವ ಕಿವಿ ಸೋರಿತು, ಎಷ್ಟು ದಿನ ಸೋರಿತು, ಯಾವ ಔಷಧ ಕೊಟ್ಟಿದ್ದಾರೆ ಎಂಬುದನ್ನು ಹಳೆಯ ಚೀಟಿಗಳ ಸಮೇತ ತೋರಿಸಿದರೆ, ಮಗುವಿಗೆ ಶ್ರವಣ ಪರೀಕ್ಷೆ ಬೇಕೇ ಎಂದು ನಿರ್ಧರಿಸಲು ಅವರಿಗೆ ಅನುಕೂಲವಾಗುತ್ತದೆ.